ಮಧ್ಯಾಹ್ನದ ನೀರು

ಉದ್ಯಾನ ಇಲಾಖೆಯ ನೌಕರಿಯೆಂದರೆ ಹೂವಿನ ನಡುವೆ ಅಡ್ಡಾಡಿಕೊಂಡು ಸಂಬಳ ತೆಗೆದುಕೊಳ್ಳುವುದು ಎಂದು ತಿಳಿದವರಿದ್ದಾರಲ್ಲ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊನ್ನೆ ನಮ್ಮ ಡೊಂಬಿವಲಿಯ ಬಿಲ್ಡಿಂಗಿನ ಮೇಲಿನ ಮಹಡಿಯ ಹುಡುಗಿ ಪೇಢೆ ಹಿಡಿದುಕೊಂಡು ಬಂದಳು. ನಗರಪಾಲಿಕೆಯ ಉದ್ಯಾನ ವಿಭಾಗದಲ್ಲಿ ಕೆಲಸ ಸಿಕ್ಕಿತಂತೆ. ಅವಳ ತಂದೆ ತಾಯಿ ಬಾಗಲಕೋಟೆಯವರು, ಅವಳು ಮಾತ್ರ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. "ಮಸ್ತ್ ಜಾಬ್ ಹೈ ನಾ ಅಂಕಲ್? ಪೌಧೋಂ ಕೋ ಪಾನಿ ಡಾಲ್ನಾ, ಬಸ್!" ಎಂದಳು. ನಾನು ಪೇಢೆ ತಿಂದೆ. ಅವಳ ಎದುರಿಗೆ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ತಂಗೀ, ನಾವು ನೀರು ಹಾಕಿದ್ದು ಗಿಡಕ್ಕಲ್ಲ, ಮನುಷ್ಯರಿಗೆ.

ನಾನು ಧಾರವಾಡದಲ್ಲಿ ಕೃಷಿ ಡಿಪ್ಲೊಮಾ ಮುಗಿಸಿ ಎಪ್ಪತ್ತರ ದಶಕದ ಆರಂಭದಲ್ಲಿ ಠಾಣೆ ಜಿಲ್ಲೆಗೆ ಬಂದವನು. ಯಾವ ನಗರಪಾಲಿಕೆ ಎಂದು ಕೇಳಬೇಡಿ, ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತದೆ. ಬಡ್ತಿ, ಇನ್‌ಕ್ರಿಮೆಂಟು ಇವುಗಳ ಸುದ್ದಿಯನ್ನೂ ಬರೆಯುವುದಿಲ್ಲ. ಬರಬೇಕಾದಾಗ ಬರಲಿಲ್ಲ, ಬಂದಾಗ ಬೇಕಾಗಿರಲಿಲ್ಲ. ಕೆಲಸ ಏನಾಗಿತ್ತು ಎನ್ನುವುದನ್ನಷ್ಟೇ ಬರೆಯುತ್ತೇನೆ.

ನನ್ನ ಮೊದಲ ತೋಟ ಸ್ಟೇಷನ್ನಿನ ಹತ್ತಿರದ್ದು. ಒಂದು ದೊಡ್ಡ ಮಳೆಮರ, ಸುತ್ತ ಹುಲ್ಲುಹಾಸು, ಕಲ್ಲಿನ ಬೆಂಚು, ಕರ್ದಳೆ ಹೂವಿನ ಪಾತಿ. ಸುತ್ತುಗೋಡೆ ಮೊಣಕಾಲಷ್ಟೇ ಎತ್ತರವಿತ್ತು, ಗೇಟಿಗೆ ಬಾಗಿಲೇ ಇರಲಿಲ್ಲ. ಸೇರಿದ ವಾರದಲ್ಲೇ ನೋಡುತ್ತೇನೆ, ನೆತ್ತಿ ಸುಡುವ ಮಧ್ಯಾಹ್ನದಲ್ಲಿ ಮಾಳಿಗಳು ಪಂಪು ಹಚ್ಚಿ ಹುಲ್ಲಿಗೆ ನೀರು ಬಿಡುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಬಿಸಿಲಲ್ಲಿ ನೀರು ಹಾಕಬಾರದು, ಬೆಳಿಗ್ಗೆ ಇಲ್ಲವೇ ಸಂಜೆ ಹಾಕಬೇಕು ಎನ್ನುವುದು ಕಾಲೇಜಿನ ಮೊದಲ ಪಾಠ. ಸೀದಾ ನಮ್ಮ ಸುಪರಿಂಟೆಂಡೆಂಟ್ ಪ್ರಧಾನ ಸಾಹೇಬರ ಹತ್ತಿರ ಹೋಗಿ ದೂರು ಹೇಳಿದೆ.

ಪ್ರಧಾನ ಸಾಹೇಬರು ಬಿಳಿ ಸಫಾರಿಯ ಮನುಷ್ಯ. ಗುಲಾಬಿಯ ಕಸಿ ಒಣಗಿದರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಸುಳ್ಳಲ್ಲ, ನಾನು ನೋಡಿದ್ದೇನೆ. ನನ್ನ ದೂರು ಕೇಳಿ ನಕ್ಕರು. "ಹಿರೇಮಠ, ಡಿಪ್ಲೊಮಾ ಘರೀ ಠೇವ್" ಎಂದರು. ಡಿಪ್ಲೊಮಾ ಮನೆಯಲ್ಲಿಟ್ಟು ಬಾ ಎಂದು. ಆಮೇಲೆ, ಆಗಿನ್ನೂ ತೋಟದ ಪಕ್ಕದಲ್ಲೇ ಇದ್ದ ಆಫೀಸಿನ ಕಿಟಕಿಯ ಹತ್ತಿರ ಕರೆದು ತೋರಿಸಿದರು. ಮರದ ನೆರಳಲ್ಲಿ ಮಲಗಿದ್ದ ಹಮಾಲರು, ಕೆಲಸ ಹುಡುಕಿಕೊಂಡು ಬಂದವರು, ಮನೆಯೇ ಇಲ್ಲದವರು ಒಬ್ಬೊಬ್ಬರೇ ಎದ್ದು ಧೋತರದ ನೀರು ಹಿಂಡಿಕೊಳ್ಳುತ್ತ ಗೋಡೆಯ ಮೇಲೆ ಹೋಗಿ ಕೂಡುತ್ತಿದ್ದರು. ಬೈಗುಳವಿಲ್ಲ, ಲಾಠಿಯಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ.

ಆ ಕಾಲದ ಮಲಗುವವರು ಬೇರೆ. ಮೂಲೆಯಲ್ಲಿ ಒಂದಿಬ್ಬರು ಬಾಬಾಗಳು ಗಾಂಜಾ ಸೇದುತ್ತಿದ್ದರು ನಿಜ. ಆದರೆ ಮಕ್ಕಳು ಅವರ ಪಕ್ಕದಲ್ಲೇ ಆಡುತ್ತಿದ್ದರು, ಯಾರಿಗೂ ಹೆದರಿಕೆಯಿರಲಿಲ್ಲ. ನೀರು ಬಿಟ್ಟರೆ ಏಳುವುದು, ಒಣಗಿದರೆ ಬಂದು ಮಲಗುವುದು, ಅವರಿಗೂ ನಮಗೂ ನಡುವೆ ಅದೊಂದು ಒಪ್ಪಂದವೇ ಆಗಿಹೋಗಿತ್ತು.

ಎಂಬತ್ತರ ದಶಕ ಬಂತು ನೋಡಿ, ಆಟವೇ ಬದಲಾಯಿತು. ಹುಲ್ಲಿನ ಮೇಲೆ ಬೆಳ್ಳಿಕಾಗದದ ಚೂರುಗಳು ಬೀಳತೊಡಗಿದವು. ಉದ್ದಕ್ಕೆ ಹರಿದ ಪಟ್ಟಿ, ನಡುವೆ ಕರ್ರಗೆ ಒಂದು ಗೆರೆ. ನಾನು ಏನೆಂದುಕೊಂಡೆ ಹೇಳಿ? ಶಾಲೆ ಬಿಟ್ಟ ಮಕ್ಕಳು ಚಾಕಲೇಟ್ ತಿಂದು ಎಸೆದದ್ದು ಎಂದುಕೊಂಡೆ! ಮಾಳಿಗಳನ್ನು ಬೈದೆ, ಮಕ್ಕಳನ್ನು ಗದರಿಸಿದೆ, ಕಡೆಗೆ 'ಚಾಕಲೇಟಿನ ಕಾಗದ ಎಸೆಯಬಾರದು' ಎಂದು ಮರಾಠಿಯಲ್ಲಿ ಹಳದಿ ಬಣ್ಣದ ಒಂದು ಬೋರ್ಡು ಬರೆಸಿ ನಿಲ್ಲಿಸಿದೆ. ಎರಡು ದಿನ ಬಿಟ್ಟು ಬಂದರೆ ಬೋರ್ಡಿಗೇ ಬೆನ್ನು ಕೊಟ್ಟು ನಾಲ್ಕು ಜನ ಕುಳಿತಿದ್ದಾರೆ. ಬೆಳ್ಳಿಕಾಗದದ ಮೇಲೆ ಕಂದು ಪುಡಿ, ಕೆಳಗೆ ಕಡ್ಡಿ ಉರಿ, ಬಾಯಲ್ಲಿ ಸುರುಳಿ ಸುತ್ತಿದ ಕಾಗದ. ಹೊಗೆ ಎತ್ತ ಹೋದರೆ ಅತ್ತ ತಲೆ ಹೊರಳಿಸಿ ಎಳೆಯುತ್ತಿದ್ದರು. ಒಬ್ಬ ನನ್ನನ್ನು ನೋಡಿ, "ಸಾಬ್, ಚಾಕಲೇಟ್ ಖಾಯೇಗಾ?" ಎಂದ. ಉಳಿದವರು ಕೆಮ್ಮುವ ಹಾಗೆ ನಕ್ಕರು.

ಎದುರುಗಡೆ ಉಡುಪಿ ಹೋಟೆಲಿನ ಶೆಟ್ಟರು ಅವತ್ತು ನನ್ನನ್ನು ಕೂರಿಸಿ ಚಹಾ ಕೊಟ್ಟರು. "ಅದು ಬ್ರೌನ್ ಶುಗರ್ ಮಾರಾಯ್ರೆ. ಗರ್ದ್ ಹೇಳ್ತಾರಲ್ಲ, ಅದೇ. ನೀವು ಬೋರ್ಡ್ ಹಾಕುವಾಗ ಕೇಳುದಲ್ವಾ? ನನ್ನ ಪಾನ್ ಕೌಂಟರಿನಲ್ಲಿ ಸಿಗರೇಟ್ ಖಾಲಿ ಪ್ಯಾಕೇಟಿನ ಬೆಳ್ಳಿಕಾಗದಕ್ಕೆ ಗಿರಾಕಿ ಬರ್ತಾರೆ, ಸಿಗರೇಟಿಗೆ ಇಲ್ಲ" ಎಂದರು. ಗರ್ದ್ ಎಳೆಯುವವನು ಗರ್ದುಲ್ಲಾ. ಆ ಶಬ್ದ ನನ್ನ ಕಿವಿಗೆ ಬಿದ್ದದ್ದು ಅವತ್ತು. ಆಮೇಲಿನ ಹತ್ತು ವರ್ಷ ಅದೊಂದೇ ಶಬ್ದ ಕೇಳಿದೆ.

ಗಡಿಗೆಂದು ನಾನು ಪ್ರೀತಿಯಿಂದ ಬೆಳೆಸಿದ್ದ ಮೆಹಂದಿ ಬೇಲಿ ಎದೆಯೆತ್ತರ ದಟ್ಟವಾಗಿತ್ತು. ಅದರ ಮರೆಯಲ್ಲೇ ಅವರು ಕೂಡುತ್ತಾರೆಂದು ಪ್ರಧಾನ ಸಾಹೇಬರು ಬುಡದವರೆಗೂ ಕೊಚ್ಚಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬೇಲಿ ಹೋಯಿತು, ಕೂಡುವವರು ಬಯಲಲ್ಲೇ ಕುಳಿತರು. ಹಿತ್ತಾಳೆಯ ನಲ್ಲಿಗಳು ಒಂದೊಂದಾಗಿ ಗುಜರಿಗೆ ಹೋದವು. ಪೈಪಿನ ತುದಿಯ ಹಿತ್ತಾಳೆ ಮೂತಿ ಹೋಯಿತು, ಬೆರಳಿಟ್ಟು ನೀರು ಚಿಮ್ಮಿಸುವುದನ್ನು ಮಾಳಿಗಳು ಕಲಿತರು. ತಾಯಂದಿರು ಮಕ್ಕಳನ್ನು ಕರೆತರುವುದನ್ನು ಬಿಟ್ಟರು. ಅವರದೂ ತಪ್ಪಲ್ಲ. ನನ್ನ ಮಗಳನ್ನು ನಾನೇ ಕರೆದೊಯ್ಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಾಳಿಗಳ ಮುಕಾದಮ ತುಕಾರಾಮ ಎಂದಿನಂತೆ ನೀರು ಬಿಟ್ಟ. ಎಲ್ಲರೂ ಎದ್ದರು, ಕರ್ದಳೆ ಪಾತಿಯ ಪಕ್ಕದವನೊಬ್ಬ ಏಳಲಿಲ್ಲ. ತುಕಾರಾಮ ಬೈದ, ಪೈಪು ತಂದು ಕಾಲಿಗೆ ಬಿಟ್ಟ, ಮುಖಕ್ಕೆ ಬಿಟ್ಟ. ತೆರೆದ ಬಾಯಲ್ಲಿ ನೀರು ತುಂಬಿ ಹೊರಗೆ ಹರಿಯಿತು. ಆಗ ಪೈಪು ಕೈಬಿಟ್ಟು ನನ್ನ ಹತ್ತಿರ ಓಡಿಬಂದ. ಊರಿನ ಪೊಲೀಸರೂ ರೈಲ್ವೆ ಪೊಲೀಸರೂ ಬಂದರು. ತಲೆ ತೋಟದಲ್ಲಿತ್ತು, ಕಾಲು ಗೋಡೆ ಕುಸಿದ ಕಡೆ ರೈಲ್ವೆಯ ಜಾಗಕ್ಕೆ ಚಾಚಿತ್ತು. ಇದು ನಮ್ಮದಲ್ಲ ಎಂದು ಇವರು, ನಮ್ಮದಲ್ಲ ಎಂದು ಅವರು ಸಂಜೆಯವರೆಗೂ ವಾದಿಸಿದರು. ಬದುಕಿದ್ದಾಗ ಇದೇ ಜನ 'ಇದು ನಮ್ಮ ಜಾಗ, ಏಳು' ಎಂದು ಎರಡೂ ಕಡೆಯಿಂದ ಅವನನ್ನು ಎಬ್ಬಿಸುತ್ತಿದ್ದರು. ಪ್ರಧಾನ ಸಾಹೇಬರಿಗೆ ಫೋನ್ ಮಾಡಿದೆ. "ಪಾತಿ ತುಳಿದಿಲ್ಲ ತಾನೇ?" ಎಂದು ಕೇಳಿದರು. ತುಕಾರಾಮ ಮಾತ್ರ ಒಂದು ವಾರ ಪೈಪು ಮುಟ್ಟಲಿಲ್ಲ. ಆಮೇಲೆ ಮುಟ್ಟಿದ, ಹೊಟ್ಟೆಪಾಡು ಕೇಳಬೇಕಲ್ಲ.

ಇಂಥ ಹೊತ್ತಿನಲ್ಲಿ ರೇಣುಕಾ ಬಂದಳು. ಅವಳ ಸಂಗತಿಯನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆನೋ ಏನೋ.

ಮಧ್ಯಾಹ್ನ, ಕೈಯಲ್ಲಿ ಸ್ಟೀಲಿನ ಡಬ್ಬಿ. ಒಬ್ಬ ಮಾಳಿಯ ಹತ್ತಿರ ಹರಕುಮುರುಕು ಮರಾಠಿಯಲ್ಲಿ ಏನೋ ಬೇಡಿಕೊಳ್ಳುತ್ತಿದ್ದಳು. ಆ ಮರಾಠಿಯ ಎಳೆತ ಕೇಳಿದ್ದೇ ಗೊತ್ತಾಯಿತು. "ಯಾವೂರವ್ವ ತಂಗಿ?" ಎಂದೆ. ಕನ್ನಡ ಕೇಳಿ ಕಣ್ಣು ತುಂಬಿಕೊಂಡಳು. "ಗದಗ ಬೆಟಗೇರಿ ಕಡೇಕ್ರಿ. ನಮ್ಮ ಮನಿಯವ್ರು ಆ ಗಿಡದ ಬುಡಕ್ಕ ಇರ್ತಾರ್ರಿ. ಇವರು ನೀರು ಬಿಟ್ಟ ಮ್ಯಾಲ ಎತ್ತ ಹೋಗ್ತಾರೋ ಗೊತ್ತಾಗೂದಿಲ್ಲ. ಮೂರು ದಿನ ಆತು, ರೊಟ್ಟಿ ಹಂಗs ಹೊಳ್ಳಿ ಒಯ್ದೇನ್ರಿ."

ಅವಳ ಗಂಡ ಶಂಕರಪ್ಪ. ನೇಕಾರರ ಮನೆಯವನು, ಠಾಣೆಯ ಕಡೆ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಕಾರ್ಖಾನೆಗೆ ಬೀಗ ಬಿತ್ತು. ಇವತ್ತು ತೆಗೆದಾರು, ನಾಳೆ ತೆಗೆದಾರು ಎಂದು ದಿನವೂ ಗೇಟಿನ ಮುಂದೆ ಹೋಗಿ ಕೂಡುವವರ ನಡುವೆ ಯಾರೋ ಮೊದಲ ಸಲ ಬೆಳ್ಳಿಕಾಗದ ಕೊಟ್ಟರು. ಹಸಿವು ತಿಳಿಯುವುದಿಲ್ಲ ಎಂದರು. ಆಮೇಲೆ ಮನೆಯ ಪಾತ್ರೆ ಹೋಯಿತು, ತಾಳಿಯ ಗುಂಡು ಹೋಯಿತು, ಕಡೆಗೆ ಬಾಡಿಗೆಯ ಖೋಲಿಯೂ ಹೋಯಿತು. ರೇಣುಕಾ ಠಾಣೆಯ ವರ್ತಕ ನಗರದಲ್ಲಿ ಅಣ್ಣನ ಒಂದೇ ಕೋಣೆಯ ಮನೆಗೆ ಬಂದಳು. "ನೀ ಬಾ, ಆತ ಮಾತ್ರ ಹೊಸ್ತಿಲಾ ದಾಟಬಾರ್ದು" ಎಂದನಂತೆ ಅಣ್ಣ. ಎರಡು ಮನೆಯಲ್ಲಿ ಅಡಿಗೆ ಮಾಡಿ, ಮಧ್ಯಾಹ್ನದ ಲೋಕಲ್ ರೈಲು ಹಿಡಿದು ಗಂಡನಿಗೆ ಊಟ ತರುತ್ತಿದ್ದಳು.

"ಊಟದ ಸಲುವಾಗಿ ಅಲ್ರಿ" ಎಂದಳು. "ಆ ಗಿಡದ ಬುಡಕ್ಕ ಇರೂತನಕಾ ನನಗ ಸಿಗ್ತಾರ. ಅಲ್ಲಿಂದ ಎದ್ರು ಅಂದ್ರ ಈ ಮುಂಬಯಿಯಾಗ ನಾ ಎಲ್ಲೆ ಹುಡುಕ್ಲಿ? ಒಂದು ತುಸು ಜಾಗಾ ಒಣಾ ಬಿಡಸ್ರಿ ಸಾಹೇಬ್ರ. ಒಬ್ಬ ಮನಷ್ಯಾ ಕುಂದ್ರೂವಷ್ಟು."

ಒಬ್ಬ ಮನುಷ್ಯ ಕೂಡುವಷ್ಟು! ಎಷ್ಟು ದೊಡ್ಡ ತೋಟ, ಎಷ್ಟು ಸಣ್ಣ ಬೇಡಿಕೆ. ತುಕಾರಾಮನನ್ನು ಕರೆದು ಮಳೆಮರದ ಬುಡದಲ್ಲಿ ಒಂದು ಚಾಪೆಯಷ್ಟು ಜಾಗಕ್ಕೆ ನೀರು ಬಿಡಬೇಡ ಎಂದೆ. ಅವನು ಗೊಣಗಿದ, ಆದರೆ ಅಲ್ಲಿಗೆ ನೀರು ಬಿಡಲಿಲ್ಲ. ಅಂದಿನಿಂದ ದಿನವೂ ಸುತ್ತ ಹುಲ್ಲು ತೊಯ್ದು ತೊಪ್ಪೆಯಾಗಿರುತ್ತಿತ್ತು, ನಡುವೆ ಆ ಒಣ ತುಣುಕಿನ ಮೇಲೆ ಗಂಡ ಹೆಂಡತಿ ಕುಳಿತಿರುತ್ತಿದ್ದರು. ಅವಳು ರೊಟ್ಟಿ ಮುರಿದು ಕೈಗೆ ಕೊಡುವಳು, ಅವನು ಎರಡು ತುತ್ತು ತಿಂದು ಕೈ ಕೆಳಗಿಡುವನು. ಬೈಯುತ್ತಿರಲಿಲ್ಲ ಮಹಾತಾಯಿ. ಮನೆಯ ಸುದ್ದಿ ಹೇಳುತ್ತಿದ್ದಳು.

ನಾನು ಒಮ್ಮೆ ಬೈದೆ. "ನಾಚಿಕಿ ಬರೂದಿಲ್ಲೇನೋ ನಿನಗ? ಕೈಯಾಗ ಕಸಬು ಐತಿ, ಇಂಥಾ ಹೆಣ್ಣುಮಗಳು ಸಿಕ್ಕಾಳ..." ಶಂಕರಪ್ಪ ತಲೆಯೆತ್ತಿ ನೋಡಿದ. ಹಲ್ಲು ಕಪ್ಪಾಗಿದ್ದವು, ಮಾತು ಮಾತ್ರ ಮೆತ್ತಗಿತ್ತು. "ದಿನಾ ಮುಂಜಾನೆ ಬಿಡಬೇಕಂತ ಅನ್ಕೋತೀನ್ರಿ. ಇಕಿ ಬರೂತನಕಾ ಹಲ್ಲ ಕಚಿಗೊಂಡು ಕುಂಡ್ರತೀನಿ. ಇಕಿ ಎದ್ದು ಹೋದ್ಲಂದ್ರ ಮುಗೀತು ನೋಡ್ರಿ." ದಿನದ ಅರ್ಧಭಾಗ ಅವನನ್ನು ಮನುಷ್ಯನಾಗಿ ಹಿಡಿದಿಟ್ಟಿದ್ದು ಆ ಚಾಪೆಯಷ್ಟು ಜಾಗ.

ಆದರೆ ಹುಲ್ಲು ಸುಮ್ಮನಿರುತ್ತದೆಯೇ? ಏಪ್ರಿಲ್ ಬರುವ ಹೊತ್ತಿಗೆ ನೀರು ಕಾಣದ ಆ ತುಣುಕು ಹಳದಿಯಾಯಿತು. ಹಸಿರು ಹಾಸಿನ ನಡುವೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ಧಾರವಾಡದ ಡಿಪ್ಲೊಮಾದವನಿಗೆ ಇಷ್ಟೂ ಹೊಳೆಯಲಿಲ್ಲ ನೋಡಿ. ಬೆಳಿಗ್ಗೆ ಬೇಗ ಒಂದು ಕೊಡ ನೀರು ಹಾಕಿಸಿದ್ದರೆ ಮುಗಿಯುತ್ತಿತ್ತು. ಪುಷ್ಪ ಪ್ರದರ್ಶನದ ಮುಂಚೆ ಪ್ರಧಾನ ಸಾಹೇಬರು ತಪಾಸಣೆಗೆ ಬಂದವರು ಅದರ ಮುಂದೆ ನಿಂತುಬಿಟ್ಟರು. "ಹೇ ಕಾಯ್ ಝಾಲಂ?" ಇದೇನಾಯಿತು ಎಂದರು.

"ಬೇರುಹುಳ, ಸರ್" ಎಂದೆ. ಬಾಯಿಗೆ ಬಂದ ಸುಳ್ಳು.

ಗುಲಾಬಿಯ ಮನುಷ್ಯ ಹುಳ ಎಂದರೆ ಬಿಡುತ್ತಾರೆಯೇ? ಮರುದಿನ ಮಧ್ಯಾಹ್ನ ಔಷಧಿಯ ಡಬ್ಬಿ ತಾವೇ ಹಿಡಿದುಕೊಂಡು ಬಂದರು. ಹಳದಿ ಹುಲ್ಲಿನ ಮೇಲೆ ಶಂಕರಪ್ಪ ರೊಟ್ಟಿ ತಿನ್ನುತ್ತಿದ್ದ. ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು. "ಹಾಚ್ ಕಾ ತುಝಾ ಕಿಡಾ?" ಎಂದರು. ಇದೇನಾ ನಿನ್ನ ಹುಳ? ಮಾಳಿಗಳು ನಕ್ಕರು. ರೇಣುಕಾಗೆ ಮರಾಠಿ ಅಷ್ಟು ಬರುತ್ತಿತ್ತು, ಡಬ್ಬಿ ಮುಚ್ಚಿ ಎದ್ದು ನಿಂತಳು.

ನಾನು ಬಾಯಿ ಬಿಟ್ಟೆ. "ಸರ್, ಇದು ಸಾರ್ವಜನಿಕ ಉದ್ಯಾನ, ಅವರೂ ಸಾರ್ವಜನಿಕರೇ" ಎಂದೆ. ಅವರು ಸಿಟ್ಟಾಗಲಿಲ್ಲ. ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದರು: "ಹಿರೇಮಠ, ಸಾರ್ವಜನಿಕರು ಎಂದರೆ ಮನೆಗೆ ಹೋಗುವವರು. ಬಂದು, ಕುಳಿತು, ಮನೆಗೆ ಹೋಗುವವರು." ಆ ಮಾತಿನ ಸಿಟ್ಟು ಇವತ್ತಿಗೂ ಹಾಗೇ ಇದೆ.

ಮಳೆಗಾಲದೊಳಗೆ ಎಲ್ಲ ಬದಲಾಯಿತು. ಮೊಣಕಾಲೆತ್ತರದ ಗೋಡೆಯ ಮೇಲೆ ಚೂಪು ಕಬ್ಬಿಣದ ಸರಳು. ಗೇಟಿಗೆ ಬಾಗಿಲು, ನಾಲ್ಕಾಣೆ ಟಿಕೆಟು. ಕಲ್ಲುಬೆಂಚು ಕಿತ್ತು ನಡುವೆ ಪಟ್ಟಿ ಇರುವ ಕಬ್ಬಿಣದ ಬೆಂಚು. ಕೂಡಬಹುದು, ಅಡ್ಡಾಗುವಂತಿಲ್ಲ. ಗೇಟಿಗೆ ಜಾಧವ ಎಂಬ ಕಾವಲುಗಾರ ಬಂದ. ಗರ್ದುಲ್ಲಾಗಳನ್ನು ಕಡೆಯ ಸಲ ಹೊರಹಾಕುವ ದಿನ ಪ್ರಧಾನ ಸಾಹೇಬರು ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದೊಂದು ಮುಖವನ್ನೂ ಸರಿಯಾಗಿ ನೋಡಿಟ್ಟುಕೋ ಎಂದಿದ್ದರು. ಜಾಧವ ನಿಯತ್ತಿನ ಮನುಷ್ಯ, ನೋಡಿಟ್ಟುಕೊಂಡ. ತಾಯಂದಿರು ಮತ್ತೆ ಮಕ್ಕಳನ್ನು ಕರೆತಂದರು, ಪತ್ರಿಕೆಯಲ್ಲಿ ತೋಟದ ಫೋಟೋ ಬಂತು. ಹೊರಗೆ ಬಿದ್ದವರು ಹಳಿಯ ಪಕ್ಕಕ್ಕೆ, ಖಾಡಿಯ ಹಿನ್ನೀರಿನ ಕೆಸರಿಗೆ, ಸೇತುವೆಯ ಕೆಳಗೆ ಹೋದರು. ತೋಟ ಚೊಕ್ಕಟವಾಯಿತು ಎಂದು ನಮ್ಮ ಇಲಾಖೆಯಲ್ಲಿ ಮಿಠಾಯಿ ಹಂಚಿದರು. ನಾನೂ ತಿಂದೆ.

ಶಂಕರಪ್ಪನನ್ನು ಸ್ಟೇಷನ್ ಸೇತುವೆಯ ಕೆಳಗೆ ರೇಣುಕಾಳೇ ಹುಡುಕಿ ತೆಗೆದಳು. ಕಾಲಿನ ಹುಣ್ಣಿಗೆ ನೊಣ ಮುತ್ತಿತ್ತು. ಇನ್ನು ಇವನು ಉಳಿಯುವುದಿಲ್ಲ ಎಂದು ನನಗನ್ನಿಸಿತು. ಶೆಟ್ಟರು ಯಾರನ್ನೋ ವಿಚಾರಿಸಿ ನವಿ ಮುಂಬಯಿಯಲ್ಲಿ, ನೆರೂಳ ಕಡೆ ಒಬ್ಬ ಪಾದ್ರಿ ನಡೆಸುವ ಮನೆಯೊಂದಿದೆ, ಚಟ ಬಿಡಿಸುತ್ತಾರೆ ಎಂದರು. ನಾನೂ ರೇಣುಕಾಳೂ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ವಾಂತಿ, ನಡುಕ. ಕಂಡಕ್ಟರ್ ಇಳಿಸಲು ನೋಡಿದ, "ಮಲೇರಿಯಾ ರೀ, ಮಲೇರಿಯಾ" ಎಂದು ರೇಣುಕಾ ಕೈಮುಗಿದಳು. ಆಗ ನೆರೂಳ ಎಂದರೆ ಮನೆಗಳಿಲ್ಲದ ರಸ್ತೆಗಳು, ಅರ್ಧ ಎದ್ದ ಬಿಲ್ಡಿಂಗುಗಳು, ಉಪ್ಪುಗಾಳಿ.

ಪಾದ್ರಿ ಕಟ್ಟುನಿಟ್ಟಿನ ಮನುಷ್ಯ. ಚಿಕಿತ್ಸೆ ಮುಗಿಯುವ ತನಕ ಭೇಟಿಯಿಲ್ಲ, ಯಾವಾಗ ಮುಗಿಯುತ್ತದೆಂದು ಹೇಳುವಂತಿಲ್ಲ ಎಂದರು. ರೇಣುಕಾ ತಾನೇ ಹೊಲಿದು ತಂದಿದ್ದ ಒಂದು ಬಿಳಿ ಅಂಗಿ ಅವರ ಕೈಗೆ ಕೊಟ್ಟಳು, ಬಿಡುವ ದಿನ ಹಾಕಿಸಿ ಎಂದು. ಒಳಗೆ ಹೋಗುವ ಮುಂಚೆ ಶಂಕರಪ್ಪ ಬಾಗಿಲು ಹಿಡಿದು ನಿಂತ.

"ನಾ ನಿಮ್ಮ ಅಣ್ಣನ ಮನಿಗೆ ಬರೂದಿಲ್ಲ. ಆತನ ಮುಂದ ನಿಂದ್ರು ಮಾರಿ ನನಗಿಲ್ಲ. ಬಿಟ್ಟ ದಿನಾ ಮಧ್ಯಾಹ್ನ ತೋಟಕ್ಕs ಬರತೀನಿ. ನೀ ಅಲ್ಲೇ ಇರು."

"ಇರ್ತೀನಿ. ನೀವು ಬರ್ರಿ" ಎಂದಳು.

ಅಂದಿನಿಂದ ಅವಳು ದಿನವೂ ಮಧ್ಯಾಹ್ನ ಟಿಕೆಟು ತೆಗೆದುಕೊಂಡು ಒಳಗೆ ಬಂದು ಮಳೆಮರದ ಕೆಳಗಿನ ಬೆಂಚಿನ ಮೇಲೆ ಕೂಡುತ್ತಿದ್ದಳು. ಇವತ್ತು ಬಂದಾರು ಎಂದು ದಿನವೂ ಹೊಸದಾಗಿ ಡಬ್ಬಿ ತುಂಬಿಕೊಂಡು ಬರುವಳು. ಗುಣವಾಗುತ್ತಿದ್ದಾನೆ, ಊಟ ಮಾಡುತ್ತಿದ್ದಾನೆ, ಲೇಥ್ ಕೆಲಸಕ್ಕೆ ಯಾರನ್ನಾದರೂ ಕೇಳಿ ಎಂದು ಪಾದ್ರಿಯೇ ಶೆಟ್ಟರಿಗೆ ಫೋನಿನಲ್ಲಿ ಹೇಳಿದರು. ಶೆಟ್ಟರು ತಮ್ಮ ಗಿರಾಕಿಯೊಬ್ಬರ ವರ್ಕ್‌ಶಾಪಿನಲ್ಲಿ ಮಾತಾಡಿಯೂ ಇಟ್ಟರು. ಆ ಒಂದು ತಿಂಗಳು ಅವಳ ಮುಖ ನೋಡಬೇಕಿತ್ತು ನೀವು. ತಲೆಗೆ ಹೂ ಮುಡಿದು ಬರುತ್ತಿದ್ದಳು. ತುಕಾರಾಮ ಕೂಡ, "ವಹಿನಿ, ಆಜ್ ಯೇತೀಲ್" ಎನ್ನುತ್ತಿದ್ದ, ಇವತ್ತು ಬರುತ್ತಾರೆ ಅತ್ತಿಗೆ ಎಂದು.

ಒಂದು ದಿನ ನಾನು ಬೇರೆ ವಾರ್ಡಿನ ಕೆಲಸ ಮುಗಿಸಿ ಮೂರರ ಸುಮಾರಿಗೆ ಬಂದೆ. ಜಾಧವ ಗೇಟಿನಲ್ಲೇ ಸೆಲ್ಯೂಟು ಹೊಡೆದ, ಮುಖ ಅರಳಿತ್ತು. "ಸಾಹೇಬ, ಇವತ್ತು ಒಬ್ಬ ಹಳೇ ಗರ್ದುಲ್ಲಾ ಬಂದಿದ್ದ. ಬಿಳಿ ಅಂಗಿ, ದಾಢಿ ಬೋಳಿಸಿಕೊಂಡು, ಸಾಹುಕಾರನ ಹಾಗೆ. ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಪಣ್ ಮೀ ಓಳಖಲಾ!" ಆದರೆ ನಾನು ಗುರುತು ಹಿಡಿದೆ, ಎಂದು ಎದೆ ತಟ್ಟಿಕೊಂಡ.

ನಾನು ಒಳಗಿನ ಬೆಂಚಿನ ಕಡೆ ನೋಡಿದೆ. "ಏನಂದ ಆತ?"

"ಹೆಂಡತಿ ಒಳಗಿದ್ದಾಳೆ ಅಂದ. ಎಲ್ಲರೂ ಏನಾದರೊಂದು ಹೇಳುತ್ತಾರೆ ಸಾಹೇಬ. ಟಿಕೆಟು ತೆಗೆದುಕೊಳ್ಳುತ್ತೇನೆ ಅಂದ. ಗರ್ದುಲ್ಲಾನಿಗೆ ಟಿಕೆಟಿಲ್ಲ ಅಂದೆ. ಸರಳು ಹಿಡಿದುಕೊಂಡು ಒಳಗೆ ನೋಡಿ ಕೂಗುತ್ತಿದ್ದ. ಪಂಪಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಮೊಣಕಾಲಿಗೆ ಎರಡು ಬಿಟ್ಟೆ. ಹೋದ."

ರೇಣುಕಾ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಜಾಧವನನ್ನು ಬೈಯಲು ಬಾಯಿ ತೆರೆದೆ, ಏನು ಬೈಯಲಿ? ಹೇಳಿದ ಕೆಲಸ ಮಾಡಿದ್ದ. ಶುಚಿಯಾಗಿ ಬಂದವನನ್ನು ಯಾರು ತಡೆಯುತ್ತಾರೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ನಾನೇ ಹೋಗಿ ಅವಳಿಗೆ ಹೇಳಿದೆ. ಅವಳು ಅಳಲಿಲ್ಲ. "ಅಂಗಿ ಬರೋಬರಿ ಆಗಿತ್ತೇನ್ರಿ?" ಎಂದು ಕೇಳಿದಳು. ಆಮೇಲೆ ಡಬ್ಬಿ ಎತ್ತಿಕೊಂಡು ಸ್ಟೇಷನ್ನಿನ ಕಡೆ ಓಡಿದಳು.

ಸೇತುವೆಯ ಕೆಳಗೆ ಇರಲಿಲ್ಲ. ನೆರೂಳಕ್ಕೆ ಫೋನ್ ಮಾಡಿದರೆ, ಬೆಳಿಗ್ಗೆ ನಗುನಗುತ್ತ ಹೊರಟನಲ್ಲ ಎಂದರು ಪಾದ್ರಿ. ಕಲ್ಯಾಣದ ಯಾರ್ಡಿನಲ್ಲಿ ನೋಡಿದೆವು ಎಂದು ಕೆಲವರು, ಕುರ್ಲಾದ ಕಡೆ ಹೋದ ಎಂದು ಕೆಲವರು. ಬಿಳಿ ಅಂಗಿಯನ್ನು ಒಬ್ಬ ಬೇರೆಯವನ ಮೈಮೇಲೆ ಕಂಡೆ ಎಂದು ಶೆಟ್ಟರು ನನಗೆ ಒಬ್ಬನಿಗೇ ಹೇಳಿದರು. ಪುಡಿಗೆ ಮಾರಿಕೊಂಡಿರಬೇಕು. ಅವಳಿಗೆ ನಾವು ಹೇಳಲಿಲ್ಲ.

ಮರುದಿನದಿಂದ ರೇಣುಕಾ ತೋಟದ ಒಳಗೆ ಬರಲಿಲ್ಲ. ಗೇಟಿನ ಹೊರಗೆ, ರಸ್ತೆಯ ಬದಿಗೆ ನಿಂತಳು. ಶೆಟ್ಟರು ಹೋಟೆಲಿನಿಂದ ಎದ್ದುಬಂದು, "ಅಮ್ಮಾ, ಈ ಬಿಸಿಲಿಗೆ ಎಂತಕ್ಕೆ ನಿಲ್ಲುದು? ಒಳಗೆ ಬಂದು ಕೂತ್ಕೊಳ್ಳಿ, ನನ್ನ ಹೋಟೆಲಲ್ಲಿ ಕೂತ್ಕೊಳ್ಳಿ" ಎಂದರು. "ಒಳಗ ಕುಂತಿದ್ದಕ್ಕs ಹಿಂಗಾತ್ರಿ ಶೆಟ್ರ. ಅವರಿಗೆ ಒಳಗ ಬಿಡೂದಿಲ್ಲ. ಬಂದ್ರ ಹೊರಗs ಬರ್ತಾರ" ಎಂದಳು. ಮಧ್ಯಾಹ್ನ ಮಾತ್ರ ನಿಲ್ಲುತ್ತಿದ್ದವಳು ಬೆಳಿಗ್ಗೆಯಿಂದ ನಿಲ್ಲತೊಡಗಿದಳು. ಅಡಿಗೆಯ ಮನೆಗಳು ತಪ್ಪಿದವು. ಸೀರೆಯ ಬಣ್ಣ ಹೋಯಿತು. ಜಾಧವನಿಗೂ ಕೆಡುಕೆನಿಸಿ, ನೀರಿನ ಲೋಟ ತಂದು ಕೊಡುತ್ತಿದ್ದ. ಅವಳು ಅವನ ಕೈಯ ನೀರು ಕುಡಿಯುತ್ತಲೂ ಇದ್ದಳು. ನನ್ನಿಂದಾದರೆ ಆಗುತ್ತಿರಲಿಲ್ಲ.

ಒಂದು ಮುಂಜಾನೆ ಅವಳ ಅಣ್ಣ ವರ್ತಕ ನಗರದಿಂದ ನನ್ನ ಮನೆಗೆ ಓಡಿಬಂದ. ಹಿಂದಿನ ದಿನ ಭಿಕ್ಷುಕರನ್ನು ಹಿಡಿಯುವ ಗಾಡಿ ಬಂದು ರೇಣುಕಾಳನ್ನು ತುಂಬಿಕೊಂಡು ಹೋಗಿತ್ತು. ರಸ್ತೆಯ ಬದಿ, ಕೈಯಲ್ಲಿ ಪಾತ್ರೆ, ಮಾಸಿದ ಸೀರೆ, ಅವರಿಗೆ ಇನ್ನೇನು ಬೇಕು? ನಾವಿಬ್ಬರೂ ಕೋರ್ಟಿಗೆ ಹೋದೆವು. ಭಿಕ್ಷುಕರ ಸಾಲಿನಲ್ಲಿ ಅವಳು ಸೆರಗು ಹೊದ್ದು ನಿಂತಿದ್ದಳು. ಮ್ಯಾಜಿಸ್ಟ್ರೇಟರು ಮರಾಠಿಯಲ್ಲಿ ಕೇಳುವುದನ್ನು ನಾನು ಕನ್ನಡದಲ್ಲಿ ಕೇಳಬೇಕಾಯಿತು, ಅವಳು ಹೇಳುವುದನ್ನು ಮರಾಠಿಯಲ್ಲಿ ಹೇಳಬೇಕಾಯಿತು.

ಅಲ್ಲಿ ಏನು ಮಾಡುತ್ತಿದ್ದೆ?

"ನಮ್ಮ ಮನಿಯವ್ರ ಹಾದಿ ನೋಡ್ಲಿಕ್ಕ ಹತ್ತಿದ್ದೆರಿ."

ಗಂಡ ಎಲ್ಲಿರುತ್ತಾನೆ?

"ಗೊತ್ತಿಲ್ರಿ."

ಮತ್ತೆ ಅಲ್ಲೇ ಏಕೆ ನಿಲ್ಲುತ್ತೀ?

"ಅಲ್ಲೇ ಬರತೀನಿ ಅಂದಾರ್ರಿ."

ಇದನ್ನೂ ಮರಾಠಿಯಲ್ಲಿ ಹೇಳಿದೆ. ಮ್ಯಾಜಿಸ್ಟ್ರೇಟರು ಒಳ್ಳೆಯವರೇ, ಬಿಟ್ಟುಬಿಟ್ಟರು. ಆದರೆ ಆ ಗೇಟಿನ ಹತ್ತಿರ ಇನ್ನೊಮ್ಮೆ ನಿಂತದ್ದು ಕಂಡರೆ ಬಿಡುವುದಿಲ್ಲ, ಒಳಗೆ ಹಾಕಬೇಕಾಗುತ್ತದೆ ಎಂದರು. ಅದನ್ನೂ ನಾನೇ ಅವಳಿಗೆ ಕನ್ನಡದಲ್ಲಿ ಹೇಳಬೇಕಾಯಿತು.

ಕೋರ್ಟಿನ ಮೆಟ್ಟಿಲ ಮೇಲೆ ಅವಳು ನಿಂತಳು. ಅಣ್ಣ ಮುಂದೆ ಹೋಗಿ ಸ್ಟೇಷನ್ನಿಗೆ ರಿಕ್ಷಾ ಕರೆಯುತ್ತಿದ್ದ.

"ಹಂಗಾದ್ರ ನಾ ಎಲ್ಲೆ ನಿಂದರ್ಲಿ ಸಾಹೇಬ್ರ?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ಕೇಳುತ್ತಿದ್ದಳು. "ಎಲ್ಲಾ ತೋಟಾ ನಿಮ್ಮ ಕೈಯಾಗ ಅದಾವಂತ. ನೀವs ಒಂದು ಜಾಗಾ ತೋರಸ್ರಿ. ಅಲ್ಲೆ ನಿಂದರ್ತೀನಿ. ಅವರು ಬಂದ್ರ ಅಲ್ಲೆ ಅದಾಳಂತ ಹೇಳ್ರಿ."

ಅಷ್ಟು ಹೊತ್ತಿಗೆ ಊರಿನ ತೋಟಗಳೆಲ್ಲ ನಿಜವಾಗಿಯೂ ನನ್ನ ಕೈಕೆಳಗೆ ಬಂದಿದ್ದವು. ನಿಂತಲ್ಲೇ ಒಂದೊಂದನ್ನೂ ನೆನಪಿಸಿಕೊಂಡೆ. ಮಕ್ಕಳ ತೋಟ, ಕೆರೆಯ ದಂಡೆಯ ತೋಟ, ನೀರಿನ ಟಾಕಿಯ ಹತ್ತಿರದ್ದು, ಹೊಸ ಕಾಲೊನಿಯದು. ಎಲ್ಲದಕ್ಕೂ ಸರಳು ಹಾಕಿಸಿ ಆಗಿತ್ತು.

"ನಡಿ ತಂಗಿ, ಲೋಕಲ್ ತಪ್ಪತದ" ಎಂದೆ.